ಮುದಿ ಹೃದಯದ ಬೆಲೆ ಎಷ್ಟು?

"ವಯಸ್ಸಾಯಿತು, ಇನ್ನು ಎದೆ ಕೊಯ್ಯಿಸುವುದೇಕೆ? ದುಆ ಮಾಡೋಣ." ತಂದೆಯ ಆಂಜಿಯೋಗ್ರಾಂ ವರದಿಯನ್ನು ಕೈಯಲ್ಲಿ ಹಿಡಿದು ಮಕ್ಕಳಾಡುವ ಈ ಮಾತು ಗಾಜಿಪುರಕ್ಕಾಗಲಿ, ಕಮಲಾಪುರಕ್ಕಾಗಲಿ ಹೊಸತಲ್ಲ. ಇತ್ತೀಚೆಗೆ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತೂ ಕೇಳಿಬರುತ್ತಿದೆ: "ಪ್ಲಾಟು ಮಾರಿದರೂ ಸರಿ, ಅಬ್ಬಾಗೆ ರೋಬೋಟ್ ಆಪರೇಷನ್ನೇ ಆಗಬೇಕು." ಮೊದಲನೆಯದು ತವಕ್ಕುಲ್‌ನ ಹೆಸರಿನಲ್ಲಿ ನಡೆಯುವ ನಿರ್ಲಕ್ಷ್ಯ. ಎರಡನೆಯದು ಪ್ರೀತಿಯ ಹೆಸರಿನಲ್ಲಿ ನಡೆಯುವ ಪ್ರತಿಷ್ಠೆ. ಈ ಎರಡು ಮನೆಗಳಲ್ಲೂ ಆ ವೃದ್ಧನ ಅಭಿಪ್ರಾಯವನ್ನು ಕೇಳಿದವರಿಲ್ಲ.

ಅಷ್ಟಕ್ಕೂ ಈ ರೋಬೋಟ್ ಏನು? ಸಾಂಪ್ರದಾಯಿಕ ಬೈಪಾಸ್‌ನಲ್ಲಿ ಎದೆಯ ನಡುಮೂಳೆಯನ್ನು ಸೀಳಲಾಗುತ್ತದೆ. ಆ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರಗಳು ಬೇಕು. ಸಕ್ಕರೆ ಕಾಯಿಲೆಯಿರುವ ವೃದ್ಧರಲ್ಲಿ ಗಾಯಕ್ಕೆ ಸೋಂಕು ತಗಲುವ ಭಯ ಹೆಚ್ಚು. 1998ರಲ್ಲಿ ಯುರೋಪಿನಲ್ಲಿ ಆರಂಭವಾದ ರೋಬೋಟಿಕ್ ವಿಧಾನದಲ್ಲಿ ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳ ಮೂಲಕ ಕೆಲಸ ಸಾಗುತ್ತದೆ. ಎದೆಯ ಒಳಗೋಡೆಯ ರಕ್ತನಾಳವನ್ನು ಬಿಡಿಸಿ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸಲಾಗುತ್ತದೆ. ಯಂತ್ರ ತಾನಾಗಿ ಏನನ್ನೂ ಮಾಡದು. ಅದರ ಕೈಗಳನ್ನು ಆಡಿಸುವವನು ಶಸ್ತ್ರವೈದ್ಯನೇ. ನೋವು ಕಡಿಮೆ, ರಕ್ತಸ್ರಾವ ಕಡಿಮೆ, ರೋಗಿ ಬೇಗನೆ ಎದ್ದು ನಡೆಯಬಲ್ಲ. ಗುರುಗ್ರಾಮದಲ್ಲಿ ತಯಾರಾಗುವ 'ಎಸ್‌ಎಸ್‌ಐ ಮಂತ್ರ' ಎಂಬ ಸ್ವದೇಶಿ ಯಂತ್ರದಿಂದಲೂ ಈಗ ಇಂತಹ ಶಸ್ತ್ರಚಿಕಿತ್ಸೆ ನಡೆಯುತ್ತಿದೆ.

ಆದರೆ ಜಾಹೀರಾತುಗಳು ಹೇಳದ ಮಾತೊಂದಿದೆ. ಈ ವಿಧಾನ ಎಲ್ಲರಿಗೂ ಹೊಂದುವಂತಹದ್ದಲ್ಲ. ಮೂರು ನಾಳಗಳೂ ಕಟ್ಟಿರುವವರಿಗೆ, ಶ್ವಾಸಕೋಶ ದುರ್ಬಲವಾಗಿರುವವರಿಗೆ ಅನೇಕ ವೇಳೆ ಎದೆ ತೆರೆಯುವ ವಿಧಾನವೇ ಸೂಕ್ತ. ಹೊಸದೆಲ್ಲವೂ ವೃದ್ಧರಿಗೆ ಹೆಚ್ಚು ಹಿತವೆಂದು ನಂಬುವುದೂ ತಪ್ಪು. ಹೃದಯವನ್ನು ನಿಲ್ಲಿಸದೆ ಮಾಡುವ ಬೈಪಾಸ್ ವೃದ್ಧರಿಗೆ ಹೆಚ್ಚು ಸುರಕ್ಷಿತವೆಂಬ ನಿರೀಕ್ಷೆಯಿತ್ತು. 75 ವರ್ಷ ಮೀರಿದವರ ಮೇಲೆ ಜರ್ಮನಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎರಡು ವಿಧಾನಗಳ ನಡುವೆ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಆದ್ದರಿಂದ ಹಣ ಕಟ್ಟುವ ಮುನ್ನ ಕೇಳಿರಿ: ಎಷ್ಟು ನಾಳಗಳು ಕಟ್ಟಿವೆ? ಈ ವೈದ್ಯರು ಇಂತಹ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದಾರೆ? ನಡುವೆ ಎದೆ ತೆರೆಯಬೇಕಾಗಿ ಬಂದರೆ ಏನು ವ್ಯವಸ್ಥೆ? ಒಟ್ಟು ವೆಚ್ಚವನ್ನು ಬರೆದು ಕೊಡುವಿರಾ? ಕೇಳುವುದು ಅಗೌರವವಲ್ಲ, ನಿಮ್ಮ ಹಕ್ಕು.

ಒಂದು ಕಾಲದಲ್ಲಿ ಹೃದಯದ ಕಾಯಿಲೆಯೆಂದರೆ ಈ ಭಾಗದವರಿಗೆ ಸೊಲ್ಲಾಪುರ, ಹೈದರಾಬಾದ್ ಅಥವಾ ಬೆಂಗಳೂರಿನ ದಾರಿಯೇ ಗತಿಯಾಗಿತ್ತು. 2016ರಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಲಬುರಗಿಗೆ ಬಂತು. 2024ರ ಡಿಸೆಂಬರ್‌ನಲ್ಲಿ ಅದರ 371 ಹಾಸಿಗೆಗಳ ಸ್ವಂತ ಆಸ್ಪತ್ರೆ ಉದ್ಘಾಟನೆಯಾಯಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡಿದ 371ಜೆ ವಿಧಿಯನ್ನು ಆ ಸಂಖ್ಯೆ ನೆನಪಿಸುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಅವಕಾಶವಿದೆ. ಹೀಗಿರುವಾಗ ಬಡ್ಡಿಗೆ ಸಾಲ ತಂದು ದೂರದ ಊರಿಗೆ ಓಡುವುದೇಕೆ? ಕಾರ್ಡಿನ ಬಗ್ಗೆ ಅಪ್ಪನ ಎದೆ ನೋಯುವವರೆಗೂ ನಾವು ವಿಚಾರಿಸುವುದೇ ಇಲ್ಲ!

ಸರಕಾರವೂ ಉತ್ತರ ಹೇಳಬೇಕು. ಕಟ್ಟಡದ ಉದ್ಘಾಟನೆಯೊಂದಿಗೆ ಹೊಣೆ ಮುಗಿಯುವುದಿಲ್ಲ. ಸೀಳದೆ ಮಾಡುವ ಚಿಕಿತ್ಸೆ ಯಾವ ವೃದ್ಧನಿಗೆ ನಿಜವಾಗಿಯೂ ಅಗತ್ಯವೋ ಅವನು ಹಣವಿಲ್ಲದ ಕಾರಣಕ್ಕೆ ಅದರಿಂದ ವಂಚಿತನಾಗಬಾರದು. ಅದಕ್ಕಿಂತಲೂ ಮೊದಲು, ಕಮಲಾಪುರದಲ್ಲಿ ನಡುರಾತ್ರಿ ಎದೆನೋವು ಬಂದವನಿಗೆ ಅಲ್ಲಿಯೇ ಇಸಿಜಿ ಮತ್ತು ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಸಿಗಬೇಕು. 2023ರ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಉದ್ದೇಶವೇ ಅದು. ಚುಚ್ಚುಮದ್ದಿಗೆ ತಡವಾದರೆ ನಗರದಲ್ಲಿ ಯಾವ ರೋಬೋಟ್ ಇದ್ದರೇನು?

ಇನ್ನು ನಮ್ಮ ಮನೆಯೊಳಗೆ ನೋಡೋಣ. ತಂದೆಯ ಎದೆನೋವಿಗೆ ಆಟೋ ಬರುತ್ತದೆ, ತಾಯಿಯ ಎದೆನೋವಿಗೆ ಜೀರಿಗೆ ಕಷಾಯ. ಮಹಿಳೆಯರಲ್ಲಿ ಹೃದಯದ ಕಾಯಿಲೆ ಸುಸ್ತು, ಉಬ್ಬಸ, ಬೆನ್ನುನೋವಿನ ರೂಪದಲ್ಲೂ ಬರುತ್ತದೆ. ಅದನ್ನು 'ಗ್ಯಾಸ್' ಎಂದು ತಳ್ಳಿಹಾಕುತ್ತೇವೆ. ಮದುವೆಯ ಶಾದಿಮಹಲ್‌ಗೆ, ಬಿರಿಯಾನಿಗೆ ಲಕ್ಷಗಳನ್ನು ಸುರಿಯುವ ಕೈ ತಾಯಿಯ ಸಕ್ಕರೆ ಪರೀಕ್ಷೆಗೆ ಬಿಗಿಯಾಗುತ್ತದೆ.

ಚಿಕಿತ್ಸೆ ಮಾಡಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಪ್ರಯತ್ನಿಸಿದ ನಂತರ ಅಲ್ಲಾಹನ ಮೇಲೆ ಭರವಸೆಯಿಡುವುದೇ ತವಕ್ಕುಲ್. ಮಸೀದಿ ಸಮಿತಿಗಳು ತಿಂಗಳಿಗೊಮ್ಮೆ ಜುಮಾದ ನಂತರ ರಕ್ತದೊತ್ತಡ, ಸಕ್ಕರೆ ತಪಾಸಣೆ ಏರ್ಪಡಿಸಲಿ. ಆ ತಪಾಸಣೆ ಮಹಿಳೆಯರಿಗೂ ತಲುಪಲಿ. ವಿದ್ಯಾವಂತ ಯುವಕರು ಮೊಹಲ್ಲಾದ ಹಿರಿಯರ ಆರೋಗ್ಯ ಕಾರ್ಡು ಮಾಡಿಸಿಕೊಡಲಿ. ಶಸ್ತ್ರಚಿಕಿತ್ಸೆ ಬೇಕೇ, ಬೇಡವೇ, ಯಾವುದು ಎಂಬುದನ್ನು ವೈದ್ಯರೊಂದಿಗೆ ಕುಳಿತು ಆ ಹಿರಿಯರೇ ನಿರ್ಧರಿಸಲಿ. ನಾಳೆ ನಾವೂ ಅದೇ ಮಂಚದ ಮೇಲೆ ಮಲಗುವವರು. ನಮ್ಮ ಮಕ್ಕಳು ಈಗ ನಮ್ಮನ್ನು ನೋಡಿ ಕಲಿಯುತ್ತಿದ್ದಾರೆ.