ಬೆನ್ನಟ್ಟುವ ನಾಯಿಯ ಮುಂದೆ

ನಸುಕಿನ ಓಟವು ದೇಹಕ್ಕೆ ಹಿತಕರ. ಆದರೆ ಬೀದಿನಾಯಿ ಬೆನ್ನಟ್ಟಿದಾಗ ವೇಗವನ್ನು ಹೆಚ್ಚಿಸುವುದು ಅವಿವೇಕ. ಓಡುವುದನ್ನು ಅಟ್ಟುವುದು ಶ್ವಾನದ ಹುಟ್ಟುಗುಣ. ವೇಗದಲ್ಲಿ ಮನುಷ್ಯನು ಅದಕ್ಕೆ ಸಮನಲ್ಲ. ಆದುದರಿಂದ ಓಟವನ್ನು ನಿಲ್ಲಿಸಿ, ಅದನ್ನು ದಿಟ್ಟಿಸದೆ, ಕೈ ಬೀಸದೆ ಸ್ಥಿರವಾಗಿ ನಿಲ್ಲಬೇಕು. ಅದು ಶಾಂತವಾದ ಬಳಿಕ ಬೆನ್ನು ತೋರದೆ ಮೆಲ್ಲನೆ ಹಿಂದೆ ಸರಿಯಬೇಕು.

ಕಚ್ಚಿದರೆ, ಗಾಯಕ್ಕೆ ಸುಣ್ಣ, ಅರಿಸಿನ, ಖಾರದ ಪುಡಿ ಹಚ್ಚುವ ರೂಢಿ ಸಲ್ಲದು. ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೇಳಿದಷ್ಟೂ ಚುಚ್ಚುಮದ್ದುಗಳನ್ನು ತಪ್ಪದೆ ಪಡೆಯಬೇಕು. ರೇಬೀಸ್ ರೋಗದ ಲಕ್ಷಣ ತೋರಿದ ಮೇಲೆ ಬದುಕಿ ಉಳಿಯುವುದು ಅತಿ ವಿರಳ.

ಬೈಗುಳಕ್ಕೆ ಅಂಜಿ ಮಕ್ಕಳು ತರಚುಗಾಯವನ್ನು ಮುಚ್ಚಿಡುವುದುಂಟು. ಗದರದೆ ಕೇಳಿ ತಿಳಿಯುವುದು ತಾಯಿತಂದೆಗಳ ಕರ್ತವ್ಯ.