ಸೋಮವಾರದ ಆ ಸಮರ: ಕುಸ್ತಿಯ ಒಳ್ಳೆಯ ಕಾಲ ಅದೇನಾ?

1995ರ ಸೆಪ್ಟೆಂಬರ್‌ನಿಂದ 2001ರ ಮಾರ್ಚ್‌ವರೆಗೆ ಅಮೆರಿಕದಲ್ಲಿ ಸೋಮವಾರ ರಾತ್ರಿ ಎಂದರೆ ಎರಡು ಕುಸ್ತಿ ಕಂಪನಿಗಳ ಜಿದ್ದು. ಒಂದು ಚಾನೆಲ್‌ನಲ್ಲಿ ವಿನ್ಸ್ ಮೆಕ್‌ಮಹನ್‌ನ ಡಬ್ಲ್ಯೂಡಬ್ಲ್ಯೂಎಫ್ ನಡೆಸುವ 'ರಾ', ಇನ್ನೊಂದರಲ್ಲಿ ಟೆಡ್ ಟರ್ನರ್ ದುಡ್ಡಿನ ಡಬ್ಲ್ಯೂಸಿಡಬ್ಲ್ಯೂ ನಡೆಸುವ 'ನೈಟ್ರೋ'. ಟ್ರಂಪ್ ಕಾರ್ಡ್ ಆಡುತ್ತ ಬೆಳೆದ ನಮ್ಮ ಕಡೆಯ ಹುಡುಗರಿಗೆ ಸ್ಟೋನ್ ಕೋಲ್ಡ್, ರಾಕ್, ಅಂಡರ್‌ಟೇಕರ್ ಮನೆಮಾತಾದದ್ದೂ ಆ ಹೊತ್ತಿನಲ್ಲೇ. ಹಳೆಯ ಅಭಿಮಾನಿಗಳು ಇಬ್ಬರು ಕೂಡಿದರೆ 'ಆ ಕಾಲ ಇನ್ನು ಬರಲ್ಲ ಬಿಡು' ಎಂಬ ಮಾತು ಬಂದೇ ಬರುತ್ತದೆ. ಗೆಲ್ಲುವವರು ಯಾರೆಂದು ಮೊದಲೇ ನಿರ್ಧಾರವಾಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ಇಲ್ಲಿ ಕೆದಕುವುದಿಲ್ಲ. ಆ ಕಾಲ ನಿಜಕ್ಕೂ ಅಷ್ಟು ಒಳ್ಳೆಯದಿತ್ತೇ ಎಂಬುದಷ್ಟೇ ಪ್ರಶ್ನೆ.

ಪರ

ಎದುರಿಗೆ ಇನ್ನೊಂದು ಅಂಗಡಿ ಇದ್ದರೆ ಗಿರಾಕಿಗೆ ಮರ್ಯಾದೆ ಹೆಚ್ಚು. 1995ರ ಸೆಪ್ಟೆಂಬರ್ 4ರಂದು ಮಿನೆಸೋಟದ 'ಮಾಲ್ ಆಫ್ ಅಮೆರಿಕ'ದ ಒಳಗೆ ಮೊದಲ ನೈಟ್ರೋ ನಡೆಯಿತು. ಹಿಂದಿನ ರಾತ್ರಿಯಷ್ಟೇ ಡಬ್ಲ್ಯೂಡಬ್ಲ್ಯೂಎಫ್ ರಿಂಗಿನಲ್ಲಿದ್ದ ಲೆಕ್ಸ್ ಲೂಗರ್ ಇಲ್ಲಿ ಬಂದು ನಿಂತ. ಆಮೇಲೆ ಯಾವ ಸೋಮವಾರ ಯಾರು ಯಾವ ಕಡೆ ಕಾಣಿಸಿಕೊಳ್ಳುತ್ತಾರೆ ಎಂದು ಯಾರೂ ಹೇಳುವಂತಿರಲಿಲ್ಲ. 1996ರ ಜುಲೈ 7ರಂದು, ಪ್ರಾರ್ಥನೆ ಮಾಡಿ, ವಿಟಮಿನ್ ತಗೊಳ್ಳಿ ಎಂದು ಮಕ್ಕಳಿಗೆ ವರ್ಷಗಟ್ಟಲೆ ಬುದ್ಧಿ ಹೇಳಿದ್ದ ಹಲ್ಕ್ ಹೋಗನ್, ಸ್ಕಾಟ್ ಹಾಲ್ ಮತ್ತು ಕೆವಿನ್ ನ್ಯಾಶ್ ಜೊತೆ ಸೇರಿ ಖಳನಾದ. ಜನ ರಿಂಗಿಗೆ ಕಸ ತೂರಿದರು. ಹೀಗೆ ಹುಟ್ಟಿದ ಎನ್‌ಡಬ್ಲ್ಯೂಒ ಎಂಬ ಗುಂಪಿನ ಬಲದಿಂದ ನೈಟ್ರೋ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ರೇಟಿಂಗ್‌ನಲ್ಲಿ ರಾವನ್ನು ಸೋಲಿಸುತ್ತಲೇ ಹೋಯಿತು.

ಸೋಲುತ್ತಿದ್ದವರಿಗೆ ಸುಮ್ಮನೆ ಕೂರುವ ಅನುಕೂಲವಿರಲಿಲ್ಲ. ಹಲ್ಲಿನ ಡಾಕ್ಟರು, ನಲ್ಲಿ ರಿಪೇರಿಯವನು ಎಂಬ ವೇಷಗಳಲ್ಲಿ ಪೈಲ್ವಾನರನ್ನು ಕಳಿಸುತ್ತಿದ್ದ ಡಬ್ಲ್ಯೂಡಬ್ಲ್ಯೂಎಫ್, ಮಾಲೀಕನನ್ನೇ ಬಡಿಯುವ 'ಸ್ಟೋನ್ ಕೋಲ್ಡ್' ಸ್ಟೀವ್ ಆಸ್ಟಿನ್‌ನನ್ನು ಮುಂದಕ್ಕೆ ತಂದಿತು. 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ, ಎದುರು ಕಂಪನಿಗೆ ಹೊರಟಿದ್ದ ಬ್ರೆಟ್ ಹಾರ್ಟ್‌ಗೆ ಗೊತ್ತಿಲ್ಲದಂತೆ ಗಂಟೆ ಹೊಡೆಸಿ ಮೆಕ್‌ಮಹನ್ ಟೈಟಲ್ ಕಸಿದ. ಆ ನಿಜದ ದ್ರೋಹವೇ ಮುಂದೆ 'ಮಿಸ್ಟರ್ ಮೆಕ್‌ಮಹನ್' ಎಂಬ ಖಳನ ಬಂಡವಾಳವಾಯಿತು.

ಒಂದೇ ರಾತ್ರಿಯನ್ನು ಆರಿಸು ಎಂದರೆ 1999ರ ಜನವರಿ 4 ಎನ್ನುತ್ತೇನೆ. ಅಂದಿನ ರಾ ಮೊದಲೇ ಚಿತ್ರೀಕರಿಸಿಟ್ಟದ್ದು, ನೈಟ್ರೋ ಲೈವ್. ರಾದಲ್ಲಿ ಮಿಕ್ ಫೋಲಿ ಟೈಟಲ್ ಗೆಲ್ಲುತ್ತಾನೆ ಎಂದು ನೈಟ್ರೋ ಕಾಮೆಂಟೇಟರ್ ಟೋನಿ ಶಿಯವೋನಿ ಮೇಲಿನವರ ಅಪ್ಪಣೆಯಂತೆ ಗುಟ್ಟು ಒಡೆದ. ಇವನನ್ನು ನೋಡಲು ಜನ ಮುಗಿಬೀಳ್ತಾರಂತೆ ಎಂದು ಕುಟುಕಿದ. ಆಗ ಲಕ್ಷಾಂತರ ಜನ ರಿಮೋಟ್ ಒತ್ತಿ ಫೋಲಿಯ ಕಡೆಗೇ ಹೋದರು! ಇತ್ತ ನೈಟ್ರೋದಲ್ಲಿ ಹೋಗನ್ ಒಂದು ಬೆರಳಿನಿಂದ ಎದೆ ತಿವಿದ, ನ್ಯಾಶ್ ಅಂಗಾತ ಬಿದ್ದ, ಬೆಲ್ಟ್ ಕೈ ಬದಲಾಯಿಸಿತು. ಡೊಳ್ಳು ಹೊಟ್ಟೆಯ, ಒಂದು ಕಿವಿಯ ಬಹುಪಾಲು ಕಳೆದುಕೊಂಡಿದ್ದ ಫೋಲಿಯನ್ನು ಆ ರಾತ್ರಿ ಗೆಲ್ಲಿಸಿದ್ದು ವೀಕ್ಷಕ.

ಇಂದು ಆ ರಿಮೋಟಿಗೆ ಬೆಲೆ ಇಲ್ಲ. 2001ರಲ್ಲಿ ಮೆಕ್‌ಮಹನ್ ಡಬ್ಲ್ಯೂಸಿಡಬ್ಲ್ಯೂವನ್ನು ಅಗ್ಗಕ್ಕೆ ಕೊಂಡ. ಆ ವರ್ಷದ ಎರಡು ಕಂಪನಿಗಳ ಕಾದಾಟದ ಕಥೆ ಕನಸಿನ ಕಥೆಯಾಗಬೇಕಿತ್ತು. ಹೋಗನ್, ಗೋಲ್ಡ್‌ಬರ್ಗ್, ಸ್ಟಿಂಗ್ ಇಲ್ಲದೆಯೇ ಅದನ್ನು ಮಾಡಿ ಕೆಲವೇ ತಿಂಗಳಲ್ಲಿ ಮುಗಿಸಿದರು. ಈಗ ರಾ ಇರುವುದು ನೆಟ್‌ಫ್ಲಿಕ್ಸ್‌ನಲ್ಲಿ, ಹತ್ತು ವರ್ಷಕ್ಕೆ 500 ಕೋಟಿ ಡಾಲರ್ ಮೀರಿದ ಒಪ್ಪಂದದಲ್ಲಿ. ಈ ವಾರದ ಕಾರ್ಯಕ್ರಮ ಸಪ್ಪೆಯಾದರೂ ದುಡ್ಡು ತಪ್ಪುವುದಿಲ್ಲ.

ವಿರೋಧ

ಜನವರಿ 4ರ ಕಥೆ ನನಗೂ ಇಷ್ಟ. ಆದರೆ ಅದನ್ನು ಪೂರ್ತಿ ಹೇಳಬೇಕು. ಅದೇ ಫೋಲಿ ಇಪ್ಪತ್ತು ದಿನ ಕಳೆಯುವಷ್ಟರಲ್ಲಿ, ಜನವರಿ 24ರ ರಾಯಲ್ ರಂಬಲ್‌ನಲ್ಲಿ, ಕೈಗೆ ಬೇಡಿ ತೊಡಿಸಿಕೊಂಡು ರಾಕ್‌ನಿಂದ ತಲೆಗೆ ಕುರ್ಚಿಯ ಏಟಿನ ಮೇಲೆ ಏಟು ತಿಂದ. ಹೆಂಡತಿ, ಪುಟ್ಟ ಮಕ್ಕಳು ರಿಂಗಿನ ಪಕ್ಕದಲ್ಲೇ ಕೂತು ಅಳುತ್ತಿದ್ದುದು 'ಬಿಯಾಂಡ್ ದ ಮ್ಯಾಟ್' ಸಾಕ್ಷ್ಯಚಿತ್ರದಲ್ಲಿದೆ. ನಾಲ್ಕು ತಿಂಗಳ ನಂತರ, ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ, ಛಾವಣಿಯಿಂದ ಇಳಿದುಬರುವ ಒಂದು ಗಿಮಿಕ್‌ಗಾಗಿ ಬ್ರೆಟ್‌ನ ತಮ್ಮ ಓವನ್ ಹಾರ್ಟ್ ಜೀವ ಕಳೆದುಕೊಂಡ. ಕಾರ್ಯಕ್ರಮ ನಿಲ್ಲಿಸಲಿಲ್ಲ. ವಾರವಾರವೂ ಎದುರಿನವರಿಗಿಂತ ಒಂದು ಕೈ ಮೇಲೆ ಇರಲೇಬೇಕು ಎಂಬ ಹಠದ ಬಾಕಿಯನ್ನು ತೀರಿಸಿದ್ದು ಪೈಲ್ವಾನರ ಮೈ. ತಲೆಗೆ ಕುರ್ಚಿ ಬೀಸುವುದನ್ನು ಡಬ್ಲ್ಯೂಡಬ್ಲ್ಯೂಇ (ಡಬ್ಲ್ಯೂಡಬ್ಲ್ಯೂಎಫ್‌ನ ಈಗಿನ ಹೆಸರು) ನಿಷೇಧಿಸಿದ್ದು 2010ರಲ್ಲಿ. ಅದರಿಂದ ಕುಸ್ತಿ ಸಪ್ಪೆಯಾಯಿತು ಎನ್ನುವವರ ಜೊತೆ ನನಗೆ ವಾದ ಬೇಡ.

ಕಥೆ ಹೇಳುವುದರಲ್ಲಾದರೂ ಆ ಕಾಲ ಮೇಲಿತ್ತೇ? ಸ್ಟಿಂಗ್ ಮುಖಕ್ಕೆ ಬಿಳಿ ಬಳಿದು, ಮಾತೇ ಆಡದೆ, ಒಂದು ವರ್ಷಕ್ಕೂ ಹೆಚ್ಚು ಕಾಲ ಛಾವಣಿಯ ತೊಲೆಗಳ ನಡುವಿನಿಂದ ಹೋಗನ್‌ನನ್ನು ದುರುಗುಟ್ಟಿ ನೋಡಿದ. ಆ ಇಡೀ ಸಮರದಲ್ಲಿ ಅದಕ್ಕಿಂತ ಚೆಂದದ ಕಥೆ ಇನ್ನೊಂದಿರಲಿಲ್ಲ. 1997ರ ಡಿಸೆಂಬರ್ 28ರ ಸ್ಟಾರ್‌ಕೇಡ್‌ನಲ್ಲಿ ಇಬ್ಬರೂ ಎದುರಾದರು. ರೆಫರಿ ಬೇಗಬೇಗ ಎಣಿಸಿ ಸ್ಟಿಂಗ್‌ಗೆ ಮೋಸ ಮಾಡಬೇಕಿತ್ತು. ಅವನು ಮಾಮೂಲಿ ವೇಗದಲ್ಲೇ ಮೂರು ಎಣಿಸಿದ. ನೋಡಿದವರ ಲೆಕ್ಕದಲ್ಲಿ ಸ್ಟಿಂಗ್ ಸೋತೇ ಹೋಗಿದ್ದ. ಆಮೇಲೆ ಮ್ಯಾಚ್ ಮರಳಿ ಶುರುಮಾಡಿಸಿ ಬೆಲ್ಟ್ ಕೊಟ್ಟರೂ ಕೆಟ್ಟ ಕಥೆ ಸರಿಹೋಗಲಿಲ್ಲ. ಇದರ ಪಕ್ಕದಲ್ಲಿ ಕೋಡಿ ರೋಡ್ಸ್‌ನ ಕಥೆ ಇಟ್ಟು ನೋಡಿ. 2022ರಲ್ಲಿ ಮರಳಿ ಬಂದ, 2023ರ ರೆಸಲ್‌ಮೇನಿಯಾದಲ್ಲಿ ರೋಮನ್ ರೀನ್ಸ್‌ಗೆ ಸೋತ, 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ಗೆದ್ದ. ಎರಡು ವರ್ಷ ಎಳೆದರೂ ಎಳೆ ಕಡಿಯಲಿಲ್ಲ. ಮುಂದಿನ ಸೋಮವಾರದ ರೇಟಿಂಗ್‌ಗೆ ನಡುಗುವವರಿಗೆ ಈ ತಾಳ್ಮೆ ಇರುವುದಿಲ್ಲ. ಜಾರ್ಜಿಯಾ ಡೋಮ್ ತುಂಬ ಜನ ಸೇರಿದ್ದಾಗ ಗೋಲ್ಡ್‌ಬರ್ಗ್ ಕೈಲಿ ಹೋಗನ್‌ನನ್ನು ಸೋಲಿಸಿದ ಮ್ಯಾಚನ್ನೂ 1998ರ ಜುಲೈನಲ್ಲಿ ಒಂದು ಸೋಮವಾರ ಗೆಲ್ಲಲು ಟಿವಿಯಲ್ಲಿ ಪುಕ್ಕಟೆ ಸುರಿದುಬಿಟ್ಟರು.

ಹೆಣ್ಣುಮಕ್ಕಳ ವಿಷಯ ಬಂದರೆ ವಾದಕ್ಕೇ ಜಾಗವಿಲ್ಲ. ಆಗ ಅವರನ್ನು ರಿಂಗಿಗೆ ಕರೆಸುತ್ತಿದ್ದುದು ಒಬ್ಬರ ಬಟ್ಟೆ ಒಬ್ಬರು ಕೀಳಲು. 2019ರ ರೆಸಲ್‌ಮೇನಿಯಾದ ಕೊನೆಯ ಮ್ಯಾಚ್ ಆಡಿದವರು ಬೆಕಿ ಲಿಂಚ್, ರೊಂಡಾ ರೌಸಿ, ಶಾರ್ಲೆಟ್ ಫ್ಲೇರ್.

ಎದುರಾಳಿ ಇಲ್ಲ ಎಂಬ ಕೊರಗೂ ಹಳತಾಯಿತು. 2019ರಿಂದ ಎಇಡಬ್ಲ್ಯೂ ಎಂಬ ಕಂಪನಿ ಇದೆ. 2023ರಲ್ಲಿ ಲಂಡನ್ನಿನ ವೆಂಬ್ಲಿಯನ್ನೇ ತುಂಬಿಸಿತು. ಕೋಡಿ ಅದನ್ನು ಕಟ್ಟಿದವರಲ್ಲೊಬ್ಬ, ಅಲ್ಲಿ ಬೆಲೆ ಏರಿಸಿಕೊಂಡೇ ಡಬ್ಲ್ಯೂಡಬ್ಲ್ಯೂಇಗೆ ಮರಳಿದವನು. 2017ರ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ಒಕಾಡ ಮತ್ತು ಕೆನಿ ಒಮೇಗ ಮುಕ್ಕಾಲು ಗಂಟೆ ಆಡಿದಂಥ ಮ್ಯಾಚ್ ಆ ಐದೂವರೆ ವರ್ಷಗಳ ರಾ, ನೈಟ್ರೋಗಳಲ್ಲಿ ಒಂದೂ ಇಲ್ಲ.

ಒಂದು ಮಾತು ಬಿಟ್ಟುಕೊಡುತ್ತೇನೆ. ಗಾಜು ಒಡೆದ ಸದ್ದು ಕೇಳಿ ಆಸ್ಟಿನ್ ಬಂದನೆಂದು ಸಭಾಂಗಣ ಕಿರುಚುತ್ತಿದ್ದ ಹಾಗೆ ಈಗ ಯಾರಿಗೂ ಕಿರುಚುವುದಿಲ್ಲ. ಆದರೆ ನಮ್ಮ ನೆನಪಿನಲ್ಲಿ ಉಳಿದಿರುವುದು ಅಂಥ ಐದೈದು ನಿಮಿಷಗಳೇ. ಅನುಮಾನವಿದ್ದವರು 1999ರ ಯಾವುದಾದರೂ ಒಂದು ನೈಟ್ರೋ ಹುಡುಕಿ, ಎಲ್ಲೂ ಓಡಿಸದೆ ಕೊನೆಯವರೆಗೆ ನೋಡಿ. ಜಾಹೀರಾತು ಸೇರಿ ಮೂರು ಗಂಟೆಯ ಕಾರ್ಯಕ್ರಮ ಅದು.