ನೈರೋಬಿಯಲ್ಲಿ ಹೊಸ ಸಂಸಾರ

ನಮ್ಮ ಹೋಬಳಿಯ ಗೃಹಸ್ಥರೊಬ್ಬರು ಕಳೆದ ತಿಂಗಳು ಜಡಿಗೇನಹಳ್ಳಿಯ ನಮ್ಮ ಮನೆಗೆ ದಯಮಾಡಿಸಿ, ಜಗುಲಿಯ ಮೇಲೆ ಬಹಳ ಹೊತ್ತು ಮಳೆಬೆಳೆಯ ಮಾತನ್ನಾಡಿ, ಏಳುವ ಸಮಯಕ್ಕೆ ತಮ್ಮ ಮನಸ್ಸಿನಲ್ಲಿದ್ದುದನ್ನು ಹೊರಗೆಡಹಿದರು. ಅವರ ಮಗಳಿಗೆ ವಿವಾಹವಾಗಿ ಆರು ತಿಂಗಳಾಗಿದೆ. ಅಳಿಯನಿಗೆ ಆಫ್ರಿಕ ಖಂಡದ ನೈರೋಬಿ ನಗರದಲ್ಲಿ ಉದ್ಯೋಗ. ಮಗಳು ಆಷಾಢ ಕಳೆದೊಡನೆ ಅಲ್ಲಿಗೆ ಹೊರಡತಕ್ಕವಳು. "ಮೇಷ್ಟ್ರೇ, ತಾವು ಅಲ್ಲಿ ಇದ್ದು ಬಂದವರು. ಮಗುವಿನ ಜೊತೆಗೆ ಏನೇನು ಕಟ್ಟಿ ಕಳುಹಿಸಬೇಕು? ಯಾವುದಕ್ಕೆ ಅಂಜಬೇಕು?" ಎಂದು ಕೇಳಿದರು. ಅಂದು ಅವರಿಗೆ ಎರಡು ಮಾತು ಹೇಳಿ ಬೀಳ್ಕೊಟ್ಟೆವು. ಆದರೆ ಹೇಳಬೇಕಾದುದು ಹೇಳದೆಯೇ ಉಳಿಯಿತೆಂದು ಆಮೇಲೆ ತೋರಿತು. ಇಂಥದೇ ಪ್ರಶ್ನೆ ವಾಚಕರಲ್ಲಿ ಇನ್ನು ಕೆಲವರ ಮನೆಗಳಲ್ಲಿಯೂ ಇರಬಹುದಾದ್ದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ಚಿರಂಜೀವಿಯು ಅಲ್ಲಿ ಕೆಲಸದಲ್ಲಿರುವನು. ನಾವೂ ನಮ್ಮ ಮನೆಯವರೂ ಕಳೆದ ವರ್ಷ ಚೈತ್ರದಲ್ಲಿ ಹೊರಟು ಮಾರ್ಗಶಿರದವರೆಗೆ ಅವನ ಮನೆಯಲ್ಲಿದ್ದೆವು. ಮುಂಬಯಿಯಿಂದ ಆ ನಗರಕ್ಕೆ ವಿಮಾನದಲ್ಲಿ ಸುಮಾರು ಆರು ಗಂಟೆಗಳ ಹಾದಿ. ಆಫ್ರಿಕವೆಂದೊಡನೆ ಸುಡುಬಿಸಿಲನ್ನು ನೆನೆದು ನೂಲಿನ ಬಟ್ಟೆಗಳನ್ನು ಮಾತ್ರ ತುಂಬಿಕೊಂಡು ಹೋದ ನಮಗೆ, ಆಷಾಢ ಶ್ರಾವಣಗಳಲ್ಲಿ ಕಂಬಳಿ ಹೊದೆದು ಕೂರಬೇಕಾಯಿತು. ನೈರೋಬಿ ಎಂಬ ಹೆಸರು ಮಸಾಯಿ ಜನರ ಭಾಷೆಯಲ್ಲಿ ತಣ್ಣೀರನ್ನು ಕುರಿತ ಮಾತಿನಿಂದ ಬಂದುದು. ಊರು ಭೂಮಧ್ಯರೇಖೆಗೆ ತೀರ ಸಮೀಪದಲ್ಲಿದ್ದರೂ ನಮ್ಮ ಬೆಂಗಳೂರಿಗಿಂತ ಎರಡು ಸಾವಿರ ಅಡಿಗಳಿಗೂ ಹೆಚ್ಚು ಎತ್ತರದಲ್ಲಿದೆ. ಎತ್ತರದಲ್ಲಿ ನೀರು ಕಡಮೆ ಕಾವಿಗೇ ಕುದಿದುಬಿಡುವುದರಿಂದ ತೊಗರಿಬೇಳೆ ಬೇಗನೆ ಬೇಯದು. ಕುಕ್ಕರು ಇಲ್ಲಿ ಮೂರು ಸಲ ಕೂಗಿದರೆ ಅಲ್ಲಿ ನಾಲ್ಕು ಸಲ ಕೂಗಬೇಕು.

ಆ ನಗರವೇ ಒಂದು ರೀತಿಯಲ್ಲಿ ಹೊಸಬರ ಊರು. ಆಂಗ್ಲರು ೧೮೯೬ರಲ್ಲಿ ಮೊಂಬಾಸಾ ಬಂದರಿನಿಂದ ಒಳನಾಡಿಗೆ ರೈಲುದಾರಿಯನ್ನು ಹಾಕಲಾರಂಭಿಸಿ, ೧೮೯೯ರಲ್ಲಿ ಈ ಬಯಲಿನಲ್ಲಿ ಸಾಮಾನುಗಳ ಠಾಣ್ಯವನ್ನು ಮಾಡಿಕೊಂಡರು. ಅದೇ ಬೆಳೆದು ನಗರವಾಯಿತು. ದಾರಿ ಹಾಕಿದವರು ನಮ್ಮ ದೇಶದ ಕೂಲಿಕಾರರು, ಬಹುಪಾಲು ಪಂಜಾಬಿನವರು, ಸುಮಾರು ೩೨,೦೦೦ ಮಂದಿ. ಅವರಲ್ಲಿ ಸುಮಾರು ೨,೫೦೦ ಮಂದಿ ಕೆಲಸದಲ್ಲಿಯೇ ಮಡಿದರು. ಹಿಂದೆಯೇ ಗುಜರಾತು ಕಚ್ಛಗಳ ವರ್ತಕರು ಬಂದು ಅಂಗಡಿಗಳನ್ನು ತೆರೆದರು. ಊರಿನ ನಡುವೆ ಇರುವ ಜೀವನಜೀ ಉದ್ಯಾನವು ಅಂಥ ವರ್ತಕರೊಬ್ಬರು ೧೯೦೬ರಲ್ಲಿ ಜನರಿಗೆ ಬಿಟ್ಟುಕೊಟ್ಟುದು. ಕನ್ನಡಿಗರು ಅಲ್ಲಿ ಸಂಖ್ಯೆಯಲ್ಲಿ ಅಲ್ಪರು. ನಾವು ಕಂಡವರಲ್ಲಿ ಲೆಕ್ಕ ಬಲ್ಲವರು, ಔಷಧದ ವ್ಯಾಪಾರದವರು, ಇಂಜಿನಿಯರುಗಳು ಹೆಚ್ಚು. ಗಣೇಶನ ಹಬ್ಬಕ್ಕೆ ಒಂದೆಡೆ ಸೇರಿದಾಗ ಹಾಸನದವರು, ಮಂಗಳೂರಿನವರು, ಧಾರವಾಡದವರು ತಂತಮ್ಮ ಕನ್ನಡವನ್ನಾಡುತ್ತ ಒಬ್ಬರನ್ನೊಬ್ಬರು ನಗಿಸುತ್ತಿದ್ದರು.

ಆಂಗ್ಲರ ಕಾಲದಲ್ಲಿ ಬಿಳಿಯರಿಗೆ ಒಂದು ಭಾಗ, ನಮ್ಮವರಿಗೆ ಒಂದು ಭಾಗ, ಆ ನೆಲದ ಮಕ್ಕಳಿಗೆ ಮತ್ತೊಂದು ಭಾಗ, ಹೀಗೆ ನಗರವನ್ನು ಹಂಚಿದ್ದರು. ಕಟ್ಟಳೆ ಹೋಗಿ ಬಹುಕಾಲವಾಯಿತು; ಅಭ್ಯಾಸವು ಅಷ್ಟು ಬೇಗ ಹೋಗದು. ನಮ್ಮ ಚಿರಂಜೀವಿ ಇದ್ದ ಪಾರ್ಕ್‌ಲ್ಯಾಂಡ್ಸ್ ಎಂಬ ಭಾಗದಲ್ಲಿ ನಮ್ಮ ದೇಶದವರೇ ಬಹಳ. ಎತ್ತರದ ಗೋಡೆ, ಗೋಡೆಯ ಮೇಲೆ ವಿದ್ಯುತ್ತಿನ ತಂತಿ, ಕಬ್ಬಿಣದ ಬಾಗಿಲು, ಬಾಗಿಲಲ್ಲಿ ಅಸ್ಕಾರಿ ಎಂದು ಕರೆಯಲ್ಪಡುವ ಕಾವಲುಗಾರ. ಕಳ್ಳರ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಕತ್ತಲಾದ ಮೇಲೆ ಅಲ್ಲಿ ಕಾಲ್ನಡಿಗೆ ಸಲ್ಲದು; ಫೋನನ್ನು ಕೈಯಲ್ಲಿ ಆಡಿಸುತ್ತ ಬೀದಿಯಲ್ಲಿ ನಡೆಯಲೂ ಆಗದು. ಆದರೆ ಗೋಡೆಯು ಕಳ್ಳರನ್ನು ಮಾತ್ರವೇ ತಡೆಯುವುದಿಲ್ಲ. ನಾವು ಹೋಗಿ ನೋಡುವ ವೇಳೆಗೆ ನಮ್ಮ ಸೊಸೆ ಆ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟು ದಿನಗಳಲ್ಲಿ ಒಮ್ಮೆಯಾದರೂ ಗಂಡನಿಲ್ಲದೆ ಆ ಬಾಗಿಲನ್ನು ದಾಟಿರಲಿಲ್ಲ. ಅವನು ಬೆಳಗ್ಗೆ ಹೋದವನು ರಾತ್ರಿ ಬರುವನು. ಈಕೆ ಕಿಟಕಿಯ ಬಳಿ ಕುಳಿತು ತೌರಿನವರೊಡನೆ ಫೋನಿನಲ್ಲಿ ಮಾತನಾಡುವಳು. ಅವರು ತಾವು ಎಲ್ಲಿಯೋ ಕೇಳಿದ ಕೊಲೆ ಸುಲಿಗೆಗಳ ಸುದ್ದಿಯನ್ನು ಹೇಳುವರು. "ಮಾವ, ನೀವು ಊರಿಗೆ ಹಿಂದಿರುಗುವಾಗ ನಾನೂ ಬಂದುಬಿಡುತ್ತೇನೆ" ಎಂದು ಹುಡುಗಿ ಎರಡನೆಯ ದಿನವೇ ಹೇಳಿದಳು. ಕೋಪದಿಂದಲ್ಲ, ಅಳುತ್ತಲೂ ಅಲ್ಲ. ಬಳಲಿಕೆಯಿಂದ ಹೇಳಿದಳು. ನಮಗೆ ದಿಗಿಲಾಯಿತು.

ಅವಳಿಗೆ ಧೈರ್ಯ ಹೇಳಬೇಕಾದ ನಾವಾದರೂ ಏನು ಬಲ್ಲೆವು? ಮೊದಲ ವಾರದಲ್ಲಿಯೇ ನಗೆಪಾಟಲಾಯಿತು. ಬಾಗಿಲು ಸರಿಪಡಿಸಲು ಬಡಗಿಯೊಬ್ಬನನ್ನು ಕೇಳಿಕೊಂಡಾಗ ಅವನು "ಸಾ ತಾತು", ಎಂದರೆ ಮೂರನೆಯ ಗಂಟೆಗೆ ಬರುವೆನೆಂದನು. ಮಧ್ಯಾಹ್ನ ಮೂರು ಗಂಟೆಯೆಂದು ತಿಳಿದು ನಾವು ಬೆಳಗ್ಗೆ ಹೊರಗೆ ಹೋದೆವು. ಅವನು ಒಂಬತ್ತು ಗಂಟೆಗೆ ಬಂದು ಬೀಗ ನೋಡಿ ಹೋದನು. ಸ್ವಾಹಿಲಿ ಮಾತನಾಡುವವರಿಗೆ ದಿನವು ಸೂರ್ಯೋದಯದಿಂದ ಮೊದಲಾಗುತ್ತದೆ. ನಮ್ಮ ಏಳು ಗಂಟೆ ಅವರಿಗೆ ಒಂದು. ನಮ್ಮ ಹನ್ನೆರಡು ಅವರಿಗೆ ಆರು. ಭೂಮಧ್ಯರೇಖೆಯ ಬಳಿ ಹಗಲಿರುಳುಗಳು ವರ್ಷವಿಡೀ ಹೆಚ್ಚು ಕಡಮೆ ಸಮನಾಗಿರುವುದರಿಂದ ಈ ಲೆಕ್ಕಕ್ಕೆ ಬಾಧಕವಿಲ್ಲ. ಉದಯಾದಿ ಘಳಿಗೆಗಳನ್ನು ಪಂಚಾಂಗದಲ್ಲಿ ದಿನವೂ ನೋಡುವವರಾದ ನಮಗೇ ಇದು ಹೊಳೆಯದೆ ಹೋದುದಕ್ಕೆ ನಾಚಿಕೆಯಾಯಿತು.

ಅಂದಿನಿಂದ ಆ ಭಾಷೆಯನ್ನು ಕಲಿಯತೊಡಗಿದೆವು. ಸಂಸ್ಕೃತ ಕಲಿತವರಿಗೆ ಅದರ ವ್ಯಾಕರಣವು ದೊಡ್ಡ ವಿನೋದ. ನಮ್ಮಲ್ಲಿ ವಚನಭೇದವು ಪದದ ಕೊನೆಯಲ್ಲಿ ತೋರಿದರೆ ಅವರಲ್ಲಿ ಮೊದಲಿನಲ್ಲಿ: ಮ್ತೋತೋ ಎಂದರೆ ಮಗು, ವಾತೋತೋ ಎಂದರೆ ಮಕ್ಕಳು. ಪುಸ್ತಕಕ್ಕೆ ಅರಬ್ಬಿಯ ಕಿತಾಬನ್ನು ತೆಗೆದುಕೊಂಡು ಕಿತಾಬು ಎಂದರು. ಅದರ 'ಕಿ'ಯನ್ನು ತಮ್ಮ ಉಪಸರ್ಗವೆಂದೇ ಭಾವಿಸಿ, ಹಲವು ಪುಸ್ತಕಗಳಿಗೆ ವಿತಾಬು ಎಂದುಬಿಟ್ಟರು! ಬಂದ ಅತಿಥಿಗೆ ಮನೆಯ ಉಡುಪನ್ನೇ ತೊಡಿಸುವುದೆಂದರೆ ಇದು. ಚಹಕ್ಕೆ ಚಾಯಿ, ಬಂಡಿಗೆ ಗಾರಿ, ಅಂಗಡಿಗೆ ದುಕಾ, ಲಕ್ಷಕ್ಕೆ ಲಾಕಿ. ನಮ್ಮ ಪಿಪ್ಪಲಿಯು ಪಾರಸಿಕರ ಬಾಯಲ್ಲಿ ಹಾದು ಅಲ್ಲಿ ಪಿಲಿಪಿಲಿಯಾಗಿದೆ. ಸಿಂಹವನ್ನು ಸಿಂಬಾ ಎನ್ನುವುದನ್ನು ಕೇಳಿ ಇದೂ ನಮ್ಮದೇ ಎಂದು ನಾವು ನಾಲ್ಕು ದಿನ ಹೆಮ್ಮೆಪಟ್ಟದ್ದುಂಟು. ಅದು ಬಂಟು ಭಾಷೆಗಳ ಸ್ವಂತ ಧಾತುವಿನದು, ಹೋಲಿಕೆ ಕೇವಲ ಕಾಕತಾಳೀಯವೆಂದು ಆಮೇಲೆ ಓದಿ ತಿಳಿದೆವು. ಹಿರಿಯರಿಗೆ ಹೇಳುವ "ಶಿಕಮೋ" ಎಂಬ ಮಾತು ಮಾತ್ರ ಮನಸ್ಸನ್ನು ಹಿಡಿಯಿತು. ತಮ್ಮ ಪಾದಗಳನ್ನು ಹಿಡಿಯುತ್ತೇನೆಂದು ಅದರ ಮೂಲಾರ್ಥವಂತೆ. ಇದು ಕರಾವಳಿಯಲ್ಲಿಯೂ ತಾಂಜಾನಿಯದಲ್ಲಿಯೂ ಹೆಚ್ಚು, ನೈರೋಬಿಯಲ್ಲಿ ಅಪರೂಪ. ಆದರೆ ನಮ್ಮ ನರೆಗೂದಲನ್ನು ನೋಡಿ ನಮ್ಮ ಬಾಗಿಲ ಕಾವಲುಗಾರನು ದಿನವೂ ಹಾಗೆ ವಂದಿಸುತ್ತಿದ್ದನು. ಉಪಾಧ್ಯಾಯರೆಂದು ತಿಳಿದ ಮೇಲೆ "ಮ್ವಾಲಿಮು" ಎಂದನು. ನಮ್ಮಲ್ಲಿ ಮೇಷ್ಟ್ರು ಎಂಬ ಮಾತಿಗೆ ಹಿಂದೆ ಇದ್ದ ತೂಕವು ಅಲ್ಲಿ ಆ ಮಾತಿಗೆ ಇಂದಿಗೂ ಇದೆ.

ಇನ್ನು ಹೇಳಲು ಸಂಕೋಚವಾಗುವ ಸಂಗತಿ. ಮನೆಗೆಲಸಕ್ಕೆ ಬರುತ್ತಿದ್ದಾಕೆ ಕಿಸೀ ಎಂಬ ಬೆಟ್ಟದ ಸೀಮೆಯವಳು. ನಲವತ್ತರ ಸುಮಾರಿನ ವಯಸ್ಸು. ಅಲ್ಲಿ ತಾಯಂದಿರನ್ನು ಹೆಸರು ಹಿಡಿಯದೆ ಹಿರಿಯ ಮಗುವಿನ ಹೆಸರಿನ ಹಿಂದೆ 'ಮಾಮಾ' ಎಂದು ಸೇರಿಸಿ ಕರೆಯುವುದು ವಾಡಿಕೆ. ನಮ್ಮ ಹಳ್ಳಿಗಳಲ್ಲಿ ಇಂಥವನ ತಾಯಿ ಎನ್ನುವುದಿಲ್ಲವೇ, ಹಾಗೆ. ಜಡಿಗೇನಹಳ್ಳಿಯ ನಮ್ಮ ಮನೆಯಲ್ಲಿ ಕೆಲಸದವರಿಗೆ ಬೇರೆ ಲೋಟವೊಂದನ್ನು ಗೋಡೆಯ ಗೂಡಿನಲ್ಲಿಡುವ ಪದ್ಧತಿ ನಮ್ಮ ತಾಯಿಯವರ ಕಾಲದಿಂದ ಬಂದುದು. ನಮ್ಮ ಮನೆಯವರು ಅಲ್ಲಿಗೆ ಹೋದ ಮಾರನೆಯ ದಿನವೇ, ಯೋಚಿಸದೆ, ಕೈಯ ಅಭ್ಯಾಸದಿಂದ ಒಂದು ಹಳೆಯ ಲೋಟವನ್ನು ತೊಟ್ಟಿಯ ಪಕ್ಕದ ಕಿಟಕಿಯಲ್ಲಿಟ್ಟರು. ನಾವು ಕಂಡೆವು, ಏನೂ ಹೇಳಲಿಲ್ಲ. ಆಕೆ ಎರಡು ತಿಂಗಳು ಅದರಲ್ಲಿಯೇ ಚಹ ಕುಡಿದಳು. ಒಂದು ದಿನ ತನ್ನ ಮನೆಯಿಂದ ಬಟ್ಟೆಯಲ್ಲಿ ಸುತ್ತಿಕೊಂಡು ಬೇರೊಂದು ಲೋಟವನ್ನು ತಂದಳು. ಏಕೆಂದು ನಮ್ಮ ಹರಕು ಮುರಕು ಸ್ವಾಹಿಲಿಯಲ್ಲಿ ಕೇಳಿದೆವು. "ಮ್ವಾಲಿಮು, ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಇದು ನನ್ನದು" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಸಮದರ್ಶನದ ಅರ್ಥವನ್ನು ಹೇಳಿಕೊಟ್ಟು ನಿವೃತ್ತರಾದ ನಮಗೆ ಆಡಲು ಮಾತು ದೊರೆಯಲಿಲ್ಲ.

ನೆರೆಯ ಉಗಾಂಡ ದೇಶದಲ್ಲಿ ೧೯೭೨ರ ಆಗಸ್ಟಿನಲ್ಲಿ ಇದಿ ಅಮೀನನು ನಮ್ಮ ದೇಶದ ಮೂಲದವರೆಲ್ಲರೂ ತೊಂಬತ್ತು ದಿನಗಳಲ್ಲಿ ಹೊರಡಬೇಕೆಂದು ಆಜ್ಞೆ ಮಾಡಿದನು. ಮೂರು ತಲೆಮಾರುಗಳ ಅಂಗಡಿಗಳನ್ನು ಬಿಟ್ಟು ಸಹಸ್ರಾರು ಕುಟುಂಬಗಳು ಓಡಬೇಕಾಯಿತು. ಅದು ಘೋರ ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಲೋಟದ ಸಂಗತಿ ನಡೆದ ರಾತ್ರಿ, ಆ ಅನ್ಯಾಯಕ್ಕೆ ನೆರೆಹೊರೆಯಲ್ಲಿ ಅಳುವವರು ಏಕೆ ಕಡಮೆಯಾಗಿದ್ದಿರಬಹುದೆಂದು ನಾವು ಬಹಳ ಹೊತ್ತು ಯೋಚಿಸುತ್ತ ಮಲಗಿದ್ದೆವು. ಕೆನ್ಯದಲ್ಲಿ ಕಾಲ ಬೇರೆಯಾಗಿದೆ; ೨೦೧೭ರಲ್ಲಿ ಅಲ್ಲಿನ ಸರ್ಕಾರವು ಏಷ್ಯ ಮೂಲದ ತನ್ನ ಪ್ರಜೆಗಳನ್ನು ದೇಶದ ೪೪ನೆಯ ಬುಡಕಟ್ಟೆಂದು ಅಂಗೀಕರಿಸಿತು.

ಆ ಶ್ರಾವಣದ ಚಳಿಯಲ್ಲಿ ನಮ್ಮ ಮನೆಯವರಿಗೆ ಜ್ವರ ಬಂದಿತು. ಮೂರು ದಿನ ಅನ್ನವನ್ನು ಕಂಡರಾಗದು, ಹಾಲು ಸೇರದು. ನಾಲ್ಕನೆಯ ದಿನ ನಾವೂ ಸೊಸೆಯೂ ವೈದ್ಯರೊಡನೆ ಮಾತನಾಡುತ್ತಿದ್ದಾಗ ಆಕೆ ಯಾರನ್ನೂ ಕೇಳದೆ ಒಲೆ ಹೊತ್ತಿಸಿ, ತನ್ನ ಚೀಲದಿಂದ ಹಿಟ್ಟನ್ನು ತೆಗೆದು, ಗಂಜಿ ಕಾಯಿಸಿ, ಕೈಗೆ ಸಿಕ್ಕಿದ ಲೋಟಕ್ಕೆ ಸುರಿದು ತಂದಳು. ಆ ಲೋಟ ಅವಳದೇ. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡೇ ಮೂಸಿ ನೋಡಿ, "ರಾಗಿ!" ಎಂದರು. ಪೂರ್ತಿ ಕುಡಿದರು. ಕುಡಿದ ಮೇಲೆ ಲೋಟವನ್ನು ನೋಡಿದರು, ಆಕೆಯನ್ನು ನೋಡಿದರು. ಏನನ್ನೂ ಆಡಲಿಲ್ಲ. ಸಂಜೆಯ ಹೊತ್ತಿಗೆ ಕಿಟಕಿಯಲ್ಲಿದ್ದ ಹಳೆಯ ಲೋಟವು ಅಲ್ಲಿ ಇರಲಿಲ್ಲ. ಅದು ಏನಾಯಿತೆಂದು ನಾವು ಇಂದಿಗೂ ಕೇಳಿಲ್ಲ.

ಅವರು ರಾಗಿಯನ್ನು ವಿಂಬಿ ಎನ್ನುತ್ತಾರೆ. ಗಂಜಿಗೆ ಉಜಿ ಎಂದು ಹೆಸರು. ಹೊಸಕೋಟೆ ಸೀಮೆಯ ನಮಗೆ ರಾಗಿಯು ನಮ್ಮ ಕೆಮ್ಮಣ್ಣಿನಲ್ಲಿಯೇ ಹುಟ್ಟಿತೆಂಬ ಭಾವನೆ. ಸಸ್ಯಶಾಸ್ತ್ರಜ್ಞರ ನಿರ್ಣಯವೇ ಬೇರೆ: ಇಥಿಯೋಪಿಯ ಉಗಾಂಡಗಳ ಎತ್ತರದ ನೆಲವೇ ಅದರ ತೌರು, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಸಮುದ್ರ ದಾಟಿ ಬಂದು ನಮ್ಮಲ್ಲಿ ನೆಲೆಸಿದುದು. ಅವರ ದಿನನಿತ್ಯದ ಊಟವಾದ ಉಗಾಲಿಯೂ ಮುದ್ದೆಯೇ; ಈಗ ಬಹುಮಟ್ಟಿಗೆ ಬಿಳಿಯ ಜೋಳದ ಹಿಟ್ಟಿನದು (ನಾವು ಮುಸುಕಿನ ಜೋಳವೆನ್ನುವುದು), ಕಿಸೀ ಸೀಮೆಯಲ್ಲಿ ರಾಗಿಯದೂ ಉಂಟು. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ವಾರವನ್ನು ತಳ್ಳುವುದೆಂದು ಆ ಹೆಸರಿನ ಅರ್ಥ. ಸಂಬಳ ಕರಗಿದ ಮೇಲೆ ಬಡವರ ವಾರವನ್ನು ತಳ್ಳುವುದು ಅದೇ. ಒಂದು ವ್ಯತ್ಯಾಸವುಂಟು. ನಾವು ಮುದ್ದೆಯನ್ನು ಅಗಿಯದೆ ನುಂಗುವುದನ್ನು ನೋಡಿ ಆಕೆ ಗಾಬರಿಯಾಗಿ ನೀರು ತಂದುಕೊಟ್ಟಳು.

ಹಿಟ್ಟು ಎಲ್ಲಿ ದೊರೆಯುವುದೆಂದು ಸೊಸೆ ಕೇಳಿದಳು. ಮರುದಿನ ಇಬ್ಬರೂ ಮತಾತು ಎಂಬ ಚಿಕ್ಕ ಬಸ್ಸನ್ನು ಹತ್ತಿ ಹೊರಟರು. ನಾವು ಬಾಗಿಲಲ್ಲಿ ನಿಂತು, ತಡವಾದಂತೆಲ್ಲ ಕಾವಲುಗಾರನನ್ನು ಮಾತನಾಡಿಸುತ್ತ ಹೊತ್ತು ಕಳೆದೆವು. ಹುಡುಗಿ ಬೆವರಿಳಿಸುತ್ತ ಬಂದಳು; ಚೀಲದಲ್ಲಿ ರಾಗಿಹಿಟ್ಟು, ಸೊಪ್ಪು, ಸೀಬೆಹಣ್ಣು. ಸೊಪ್ಪಿನವಳು ನೋಟಿಗೆ ಚಿಲ್ಲರೆಯಿಲ್ಲವೆಂದಳಂತೆ. ಅಲ್ಲಿ ೨೦೦೭ರಿಂದ ಎಂಪೆಸಾ ಎಂಬ ಏರ್ಪಾಡಿನಿಂದ ಸಾಧಾರಣ ಫೋನಿನ ಮೂಲಕವೇ ಹಣ ಸಲ್ಲುತ್ತದೆ, ಹಾಗೆ ಕೊಟ್ಟು ಬಂದಳಂತೆ. ರಾತ್ರಿ ಗಂಡನಿಗೆ ಇದನ್ನು ಮೂರು ಸಲ ಹೇಳಿದಳು. ಆಶ್ವಯುಜದಲ್ಲಿ ಬೀದಿಯ ಜಕರಂಡ ಮರಗಳೆಲ್ಲ ನೇರಳೆ ಹೂ ಬಿಟ್ಟಾಗ ಹೊಸದಾಗಿ ಬಂದ ಕನ್ನಡದ ಹುಡುಗಿಯೊಬ್ಬಳನ್ನು ಪೇಟೆಗೆ ಕರೆದುಕೊಂಡು ಹೋದವಳು ಇವಳೇ. ನಾವು ಹೊರಡುವ ದಿನ ಬಂದಾಗ ಅವಳ ಪೆಟ್ಟಿಗೆ ಅಟ್ಟದ ಮೇಲೆಯೇ ಇದ್ದಿತು.

ಅಲ್ಲಿನ ರಾತ್ರಿಗಳಲ್ಲಿ ನಾವು ಆಗಾಗ ಆಕಾಶವನ್ನು ನೋಡುತ್ತಿದ್ದೆವು. ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಅರುಂಧತಿ ಕಾಣುವಳು, ಧ್ರುವನು ಕಾಣನು. ಮದುವೆಯಲ್ಲಿ ತೋರಿಸುವವರು ಏನು ಮಾಡುವರೋ! ಪೂಜೆಯ ಸಂಕಲ್ಪದಲ್ಲಿ ದೇಶವನ್ನು ಹೇಳುವ ಸ್ಥಳಕ್ಕೆ ಬಂದಾಗ ನಾವು ಮೊದಮೊದಲು ತಡವರಿಸಿ, ಕೊನೆಗೆ ನಗರದ ಹೆಸರನ್ನೇ ಸಪ್ತಮಿಯಲ್ಲಿ ಸೇರಿಸಿಕೊಂಡೆವು. ವಿಭಕ್ತಿಗೆ ಅಡ್ಡಿಯಾಗಲಿಲ್ಲ.

ನಮ್ಮಲ್ಲಿಗೆ ಬಂದ ಗೃಹಸ್ಥರು ಕೇಳಿದುದಕ್ಕೆ ಉತ್ತರವಿಷ್ಟು. ಪೀತಜ್ವರದ ಚುಚ್ಚುಮದ್ದನ್ನು ಸರ್ಕಾರ ಒಪ್ಪಿದ ಕೇಂದ್ರದಲ್ಲಿ, ಹೊರಡುವುದಕ್ಕೆ ಹತ್ತು ದಿನಗಳಿಗೆ ಮೊದಲೇ ಹಾಕಿಸಿ ಪತ್ರವನ್ನು ಜೋಪಾನವಾಗಿಡಲಿ. ಒಮ್ಮೆ ಹಾಕಿಸಿದರೆ ಆಯುಷ್ಯಕ್ಕೆಲ್ಲ ಸಾಕು. ಅದಿಲ್ಲದವರನ್ನು ಹಿಂದಿರುಗುವಾಗ ನಮ್ಮ ದೇಶದಲ್ಲಿಯೇ ಆರು ದಿನಗಳವರೆಗೆ ಬೇರೆಯಾಗಿ ಇರಿಸಬಹುದು. ಸಾಮಾನನ್ನು ಪ್ಲಾಸ್ಟಿಕ್ ಕೈಚೀಲಗಳಲ್ಲಿ ಕಟ್ಟಬಾರದು. ೨೦೧೭ರ ಆಗಸ್ಟಿನಿಂದ ಅಲ್ಲಿ ಅವು ನಿಷಿದ್ಧ, ದಂಡವೂ ಭಾರಿ. ಬಟ್ಟೆಯ ಚೀಲ ಹೊಲಿಸಿಕೊಡಿ. ಎರಡು ಉಣ್ಣೆಯ ಅಂಗಿ ಇರಲಿ. ರಾಗಿಹಿಟ್ಟಿನ ಮೂಟೆ ಬೇಡ. ಮುದ್ದೆಕೋಲೂ ಬೇಡ, ಅಲ್ಲಿ ಮ್ವಿಕೋ ಎಂಬ ಮರದ ಸಟ್ಟುಗ ದೊರೆಯುತ್ತದೆ. ನಮ್ಮ ಮನೆಯವರು ಒಂದನ್ನು ತಂದು ಈಗ ಇಲ್ಲಿಯೂ ಅದರಲ್ಲಿಯೇ ತಿರುವುತ್ತಾರೆ. ಲೋಟಗಳನ್ನು ಕಳುಹಿಸುವುದಾದರೆ ಆರೂ ಒಂದೇ ಬಗೆಯವಾಗಿರಲಿ.